ನೊಣ ಕಟ್ಟುವ ಅಳಿಯ, ಮೀನು ಬಿಡುವ ಹೊಳೆ

ನಮ್ಮ ಕಡೆ ಮೀನು ಹಿಡಿಯೋದಕ್ಕೆ ಯಾರೂ ಕಾರಣ ಕೇಳೋದಿಲ್ಲ. ಮಳೆ ಹಿಡಿದು, ಹಳ್ಳ ಕೆಂಪಾಗಿ, ಗದ್ದೆಗೆ ಹತ್ತುಮೀನು ಬಂತು ಅಂದರೆ ಗಂಡಸರು ಕೂಳಿ, ಕತ್ತಿ, ಬ್ಯಾಟರಿ ತಗೊಂಡು ಹೊರಟರು. ಹೆಂಗಸರು ಹುಣಸೆಹಣ್ಣು ನೆನೆಹಾಕಿ ಮೆಣಸು ಅರೆಯೋಕೆ ಕೂತರು. ತೀರ್ಥಹಳ್ಳಿ ಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ ಮೀನು ಅಂದರೆ ಹೊಳೆಯಿಂದ ಒಲೆಗೆ ಬರುವ ವಸ್ತು. ನಡುವೆ ಬೇರೆ ಪ್ರಶ್ನೆಗಳೇ ಇರಲಿಲ್ಲ.

ಆದ್ದರಿಂದ, ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಧಾರವಾಡದ ನಮ್ಮ ಅಳಿಯಂದಿರು ಅಮೆರಿಕದಲ್ಲಿ ರಜೆ ಸಿಕ್ಕಿದಾಗಲೆಲ್ಲ ಮೀನು ಹಿಡಿಯೋಕೆ ಹೋಗ್ತಾರೆ ಅಂತ ಮಗಳು ಫೋನಿನಲ್ಲಿ ಹೇಳಿದಾಗ ನಾನು ಮೊದಲು ನಂಬಲಿಲ್ಲ. ಆಮೇಲೆ, ಪರವಾಗಿಲ್ಲ, ದಾರಿಗೆ ಬಂದರಲ್ಲ ಅಂದುಕೊಂಡೆ. "ಅಮ್ಮ, ತಿನ್ನೋಕಲ್ಲ. ಹಿಡಿದು ವಾಪಸ್ ಬಿಟ್ಟುಬಿಡ್ತಾರೆ" ಅಂದಳು.

"ಬಿಡೋದಾದ್ರೆ ಹಿಡಿಯೋದು ಎಂತಕ್ಕೆ ಮಾರಾಯ್ತಿ?"

ಈ ಪ್ರಶ್ನೆಯನ್ನು ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ ಜೊತೆಗೆ ಇಟ್ಟುಕೊಂಡೇ ಕಳೆದ ವರ್ಷ ಮೇ ಕೊನೆಯಲ್ಲಿ ಮೊಂಟಾನಾ ರಾಜ್ಯದ ಬೋಜ್‌ಮನ್ ಊರಿಗೆ ಹೋದೆ. ಅಮೆರಿಕಕ್ಕೆ ಹೋಗುವ ನಮ್ಮಂಥ ಅಪ್ಪ-ಅಮ್ಮಂದಿರು ಸಾಮಾನ್ಯವಾಗಿ ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾ, ಟೆಕ್ಸಾಸ್ ನೋಡಿ ಬರ್ತಾರೆ. ಅಲ್ಲಿ ದೇವಸ್ಥಾನ ಇದೆ, ಕನ್ನಡ ಕೂಟ ಇದೆ, ಪಟೇಲರ ಅಂಗಡಿಯಲ್ಲಿ ನುಗ್ಗೆಕಾಯಿ ಸಿಗ್ತದೆ. ಬೋಜ್‌ಮನ್ನಿನಲ್ಲಿ ಸುತ್ತ ಹಿಮದ ಬೆಟ್ಟ, ನಡುವೆ ಯೂನಿವರ್ಸಿಟಿ, ಮತ್ತೆ ಎಲ್ಲಿ ನೋಡಿದರೂ ಗಾಳದ ಅಂಗಡಿ. ಆ ಯೂನಿವರ್ಸಿಟಿಯ ಗ್ರಂಥಾಲಯದಲ್ಲಿ ಟ್ರೌಟ್ ಮತ್ತು ಸಾಲ್ಮನ್ ಜಾತಿಯ ಮೀನುಗಳ ಬಗ್ಗೆಯೇ ಒಂದು ದೊಡ್ಡ ಪುಸ್ತಕ ಸಂಗ್ರಹ ಇದೆ ಅಂದರೆ ಊರಿನ ಹುಚ್ಚು ಎಂಥದ್ದು ಅಂತ ಅಂದಾಜು ಮಾಡಿ.

ನನಗೆ ಮೊದಲು ಆ ಹುಚ್ಚು ಕಂಡಿದ್ದು ಹೊಳೆಯಲ್ಲಲ್ಲ, ಮನೆಯ ಗ್ಯಾರೇಜಿನಲ್ಲಿ. ಕಾರಿಗೆ ಜಾಗ ಇಲ್ಲ! ಗೋಡೆಗೆ ಒರಗಿಸಿದ ಕೋಲುಗಳು, ಎದೆವರೆಗೆ ಬರುವ ನೀರು ಹೊಗದ ಪ್ಯಾಂಟು (ಅದಕ್ಕೆ ವೇಡರ್ಸ್ ಅಂತಾರೆ), ಜಾರದ ಬೂಟು, ಊರುಗೋಲು, ರಬ್ಬರಿನ ಕೈಬಲೆ. ಒಂದು ಮೂಲೆಯಲ್ಲಿ ಮೇಜು, ಅದರ ಮೇಲೆ ಪುಟ್ಟ ಹಿಡಿಕಟ್ಟು, ಸುತ್ತ ಡಬ್ಬಿಗಳ ರಾಶಿ. ಡಬ್ಬಿ ತೆಗೆದು ನೋಡಿದರೆ ಹುಂಜದ ಕತ್ತಿನ ಗರಿ, ಜಿಂಕೆಯ ಸಂಬಂಧಿ ಎಲ್ಕ್‌ನ ಕೂದಲು, ಫೆಸೆಂಟ್ ಹಕ್ಕಿಯ ಬಾಲದ ಎಳೆ, ಬಣ್ಣಬಣ್ಣದ ರೇಷ್ಮೆ ದಾರ. ಇನ್ನೊಂದರಲ್ಲಿ ನವಿಲುಗರಿ. ನಮ್ಮ ಕಡೆ ಮಕ್ಕಳು ಪುಸ್ತಕದೊಳಗೆ ಮರಿ ಹಾಕ್ತದೆ ಅಂತ ಇಡುವ ಅದೇ ನವಿಲುಗರಿ. ಆ ಗರಿಯ ಒಂದೊಂದೇ ಎಳೆಯನ್ನು ಕೊಕ್ಕೆಗೆ ಸುತ್ತಿದರೆ ಹುಳದ ಮೈ ಆಗ್ತದೆ, ನೀರಲ್ಲಿ ಹಸಿರಾಗಿ ಮಿನುಗ್ತದೆ ಅಂತ ಅಳಿಯ ತೋರಿಸಿದರು. ಕಸೂತಿ ಹಾಕಿದ ಕೈ ನನ್ನದು. ಅವರು ಭೂತಗನ್ನಡಿ ಹಾಕಿಕೊಂಡು ಅಕ್ಕಿಕಾಳಿನಷ್ಟು ಕೊಕ್ಕೆಯ ಮೇಲೆ ರೆಕ್ಕೆ, ಮೈ, ಬಾಲ ಎಲ್ಲ ಕಟ್ಟಿ ಗಂಟು ಹಾಕಿದ ಚಂದ ನೋಡಿ, ಹೇಳಲೇಬೇಕು, ಸೋತುಹೋದೆ.

ಇದೇ ಫ್ಲೈ ಫಿಶಿಂಗ್. ನೊಣದ ಗಾಳ ಅನ್ನೋಣ. ನಮ್ಮ ಗಾಳಕ್ಕೂ ಅದಕ್ಕೂ ಇರುವ ವ್ಯತ್ಯಾಸ ನನಗೆ ಅರ್ಥವಾಗೋಕೆ ಎರಡು ವಾರ ಬೇಕಾಯ್ತು. ನಾವು ತಂಗೂಸಿಗೆ ಎರೆಹುಳ ಚುಚ್ಚಿ, ಒಂದು ಸೀಸದ ಗುಂಡು ಕಟ್ಟಿ ಎಸೀತೀವಿ. ಗುಂಡಿನ ಭಾರಕ್ಕೆ ದಾರ ಹಿಂದೆ ಹೋಗ್ತದೆ. ಇಲ್ಲಿ ತುದಿಯಲ್ಲಿರುವ ನೊಣಕ್ಕೆ ತೂಕವೇ ಇಲ್ಲ, ಊದಿದರೆ ಹಾರ್ತದೆ. ಅದನ್ನು ನಲವತ್ತು ಅಡಿ ದೂರ ಎಸೆಯೋದು ಹೇಗೆ? "ಅತ್ತಿ, ಇಲ್ಲೆ ದಾರಕ್ಕ ಭಾರ ಇರ್ತದರಿ, ನೊಣಕ್ಕಲ್ಲ. ನಾವು ದಾರ ಒಗೀತೀವಿ, ನೊಣ ಅದರ ಬೆನ್ನು ಹತ್ತಿ ಹೋಗ್ತದ" ಅಂದರು. ದಪ್ಪ ಪ್ಲಾಸ್ಟಿಕ್ ಲೇಪದ ದಾರ, ಅದರ ತುದಿಗೆ ಹೋಗ್ತಾ ಹೋಗ್ತಾ ಸಣ್ಣಗಾಗುವ ಪಾರದರ್ಶಕ ಎಳೆ, ಕೊನೆಗೆ ಕೂದಲಿನಂಥ ಎಳೆ, ಅದಕ್ಕೆ ನೊಣ. ಕೋಲು ಒಂಬತ್ತು ಅಡಿ, ಹಗುರ. ಈಗಿನವು ಗ್ರಾಫೈಟಿನವು. ಹಿಂದೆ ಬಿದಿರಿನಲ್ಲೇ ಮಾಡ್ತಿದ್ದರಂತೆ; ದಕ್ಷಿಣ ಚೀನಾದ ಗುವಾಂಗ್‌ಡಾಂಗಿನ ಬಿದಿರನ್ನು ಸೀಳಿ, ಆರು ಪಟ್ಟಿ ಜೋಡಿಸಿ ಅಂಟಿಸಿದ ಕೋಲಿಗೆ ಈಗಲೂ ಬಂಗಾರದ ಮರ್ಯಾದೆ.

ಎಸೆಯೋದನ್ನು ಹಿತ್ತಲಿನ ಹುಲ್ಲಿನ ಮೇಲೆ ಕಲಿಸಿದರು. ಕೋಲನ್ನು ಹಿಂದಕ್ಕೆ ಎತ್ತಬೇಕು, ನಿಲ್ಲಬೇಕು, ದಾರ ಬೆನ್ನ ಹಿಂದೆ ಪೂರಾ ಬಿಚ್ಚಿಕೊಳ್ಳುವವರೆಗೆ ಕಾಯಬೇಕು, ಆಮೇಲೆ ಮುಂದಕ್ಕೆ. ಅವಸರ ಮಾಡಿದರೆ ಚಾಟಿ ಹೊಡೆದಂತೆ ಸದ್ದಾಗಿ ನೊಣ ಕಿತ್ತು ಹೋಗ್ತದೆ. ಮಗಳು ಗಡಿಯಾರದ ಮುಳ್ಳಿನ ಲೆಕ್ಕ ಹೇಳಿದಳು, ಹತ್ತು ಗಂಟೆ, ಒಂದು ಗಂಟೆ ಅಂತ. ನನಗೆ ಗಡಿಯಾರ ಬೇಕಾಗಲಿಲ್ಲ. ಒದ್ದೆ ಸೀರೆಯನ್ನು ಝಾಡಿಸಿ ತಂತಿಯ ಮೇಲೆ ಎಸೆಯುವಾಗ ಸೀರೆ ಗಾಳಿಯಲ್ಲಿ ಬಿಚ್ಚಿಕೊಳ್ಳೋಕೆ ಒಂದು ಗಳಿಗೆ ಕೊಡ್ತೀವಲ್ಲ, ಅಷ್ಟೇ ಅದು. ನಲವತ್ತು ವರ್ಷ ಸೀರೆ ಒಗೆದವಳಿಗೆ ಈ ವಿದ್ಯೆ ಅರ್ಧ ಬಂದೇ ಇತ್ತು.

ಬೋಜ್‌ಮನ್ನಿನಿಂದ ಮ್ಯಾಡಿಸನ್ ಕಣಿವೆಯ ಎನ್ನಿಸ್ ಊರಿಗೆ ಕಾರಿನಲ್ಲಿ ಒಂದು ಗಂಟೆಯ ದಾರಿ. ಎನ್ನಿಸ್ ಅಂದರೆ ಒಂದೇ ಬೀದಿಯ ಊರು, ಆದರೆ ಊರಿನ ಬೋರ್ಡಿನ ಗತ್ತು ನೋಡಬೇಕು: ಜನ ನೂರರ ಲೆಕ್ಕದಲ್ಲಿ, ಟ್ರೌಟ್ ಮೀನು ಒಂದು ಕೋಟಿಗೂ ಮೇಲೆ ಅಂತ ಬರೆದುಕೊಂಡಿದ್ದಾರೆ. ಅಲ್ಲಿಂದ ಮೇಲಕ್ಕೆ ಹೋದ ಹಾಗೆ ಎಡಕ್ಕೆ ಮ್ಯಾಡಿಸನ್ ಬೆಟ್ಟಸಾಲು, ಜೂನಿನಲ್ಲೂ ತಲೆ ಮೇಲೆ ಹಿಮ, ಬಲಕ್ಕೆ ಹೊಳೆ. ತುಂಗೆಯ ಹಾಗೆ ಮಡುವಿನಲ್ಲಿ ನಿಂತು ಯೋಚಿಸುವ ಹೊಳೆ ಅಲ್ಲ ಅದು. ಮೊಣಕಾಲುದ್ದ, ಸೊಂಟದುದ್ದ ನೀರು, ತಳ ಎಲ್ಲ ಗುಂಡುಕಲ್ಲು, ಉದ್ದಕ್ಕೂ ಒಂದೇ ಸಮ ಬೆಳ್ಳಗೆ ಕುಣೀತಾ ಓಡ್ತದೆ. ಐವತ್ತು ಮೈಲಿಯ ಒಂದೇ ಕಿರುಝರಿ ಅಂತಲೇ ಅಲ್ಲಿನವರು ಕರೆಯೋದು.

ಈ ಹೊಳೆ ಹುಟ್ಟೋದು ಯೆಲ್ಲೋಸ್ಟೋನ್ ಉದ್ಯಾನದೊಳಗೆ, ಗಿಬ್ಬನ್ ಮತ್ತು ಫೈರ್‌ಹೋಲ್ ಎಂಬ ಎರಡು ನದಿ ಸೇರುವಲ್ಲಿ. ಫೈರ್‌ಹೋಲಿಗೆ ಬಿಸಿನೀರಿನ ಬುಗ್ಗೆಗಳ ನೀರು ಬಂದು ಬೀಳ್ತದೆ. ದಡದಲ್ಲಿ ಹಬೆ ಏಳುವಾಗ ನಡುನೀರಿನಲ್ಲಿ ಮೀನು ಬಾಯಿ ತೆಗೆಯೋದನ್ನು ನೋಡಿದರೆ ವಿಚಿತ್ರ ಅನ್ನಿಸ್ತದೆ. ಕೆಳಗೆ ಥ್ರೀ ಫೋರ್ಕ್ಸ್ ಹತ್ತಿರ ಮ್ಯಾಡಿಸನ್, ಜೆಫರ್ಸನ್, ಗ್ಯಾಲಟಿನ್ ಮೂರೂ ಕೂಡಿ ಮಿಸೌರಿ ಆಗ್ತದೆ. ಮೂರಕ್ಕೂ ಹೆಸರಿಟ್ಟವರು ಲೂಯಿಸ್ ಮತ್ತು ಕ್ಲಾರ್ಕ್, 1805ರ ಜುಲೈಯಲ್ಲಿ. ಆಗಿನ ಅಧ್ಯಕ್ಷ ಜೆಫರ್ಸನ್, ವಿದೇಶಾಂಗ ನೋಡುತ್ತಿದ್ದ ಮ್ಯಾಡಿಸನ್, ಖಜಾನೆ ನೋಡುತ್ತಿದ್ದ ಗ್ಯಾಲಟಿನ್. ಅದಕ್ಕೂ ಮುಂಚೆ ಸಾವಿರಾರು ವರ್ಷ ಅಲ್ಲಿದ್ದ ಜನರೂ ಆ ನೀರನ್ನು ಏನೋ ಹೆಸರಿಟ್ಟೇ ಕರೆದಿರಬೇಕಲ್ಲ. ಕ್ಯಾಬಿನೆಟ್ ಮಂತ್ರಿಗಳ ಪಟ್ಟಿಯನ್ನು ಹೊಳೆಗೆ ಅಂಟಿಸಿದ ಹಾಗೆ ನನಗೆ ಅನ್ನಿಸಿತು. ನಮ್ಮ ಹೊಳೆಗಳಿಗೆ ಹೆಣ್ಣುಮಕ್ಕಳ ಹೆಸರು, ಅದೇ ಚಂದ.

ಇನ್ನೂ ಮೇಲೆ ಹೋದರೆ ಕ್ವೇಕ್ ಲೇಕ್. 1959ರ ಆಗಸ್ಟ್ 17ರ ರಾತ್ರಿ ಭೂಕಂಪವಾಗಿ ಒಂದು ಬೆಟ್ಟದ ಪಕ್ಕೆಯೇ ಜಾರಿ ಕಣಿವೆಗೆ ಬಿತ್ತು. ಹೊಳೆ ಕಟ್ಟಿಕೊಂಡು ಕೆರೆಯಾಯಿತು. ಒಟ್ಟು 28 ಜನ ಸತ್ತರು, ಹೆಚ್ಚಿನವರು ಬೇಸಿಗೆ ರಜೆಗೆ ಬಂದು ಹೊಳೆದಂಡೆಯಲ್ಲಿ ಡೇರೆ ಹಾಕಿ ಮಲಗಿದ್ದವರು. ಮುಳುಗಿದ ಮರಗಳ ಬೋಳು ತಲೆ ಇವತ್ತಿಗೂ ನೀರಿನಿಂದ ಮೇಲೆ ಕಾಣ್ತದೆ. ಆ ಕಡೆಯ ಗುಡ್ಡದ ಬೋಳು ಗಾಯವೂ ಹಾಗೇ ಇದೆ. ನಾನು ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಮೀನಿನ ವಿಷಯಕ್ಕೆ ಬರೋಣ. ಜೂನ್ ಕೊನೆಯ ವಾರ ಅಳಿಯ ಹೊಳೆಗಿಳಿದವರು ಗಾಳ ಹಾಕುವ ಬದಲು ಬಗ್ಗಿ ಒಂದು ಕಲ್ಲೆತ್ತಿ ಮಗುಚಿ ನನ್ನ ಮುಂದೆ ಹಿಡಿದರು. ಕಲ್ಲಿನ ಅಡಿಯಲ್ಲಿ ಒಂದು ಲೋಕವೇ ಇತ್ತು. ಮರಳಿನ ಕಣ ಅಂಟಿಸಿ ಕೊಳವೆ ಮನೆ ಕಟ್ಟಿಕೊಂಡ ಕ್ಯಾಡಿಸ್ ಹುಳ, ಮೂರು ಬಾಲದ ಮೇಫ್ಲೈ ಮರಿ, ಹೆಬ್ಬೆರಳಿನಷ್ಟು ದಪ್ಪದ ಕಪ್ಪು ಸ್ಟೋನ್‌ಫ್ಲೈ. ಈ ದೊಡ್ಡದು ಮೂರು-ನಾಲ್ಕು ವರ್ಷ ನೀರಿನಡಿ ಕಲ್ಲು ಅಪ್ಪಿಕೊಂಡಿದ್ದು, ಜೂನ್ ಕೊನೆಗೆ ದಡಕ್ಕೆ ತೆವಳಿ ಬಂದು, ಪೊರೆ ಬಿಟ್ಟು, ಕಿತ್ತಳೆ ಹೊಟ್ಟೆಯ ರೆಕ್ಕೆಹುಳವಾಗಿ ಪೊದೆಗಳ ಮೇಲೆಲ್ಲ ಹರಿದಾಡ್ತದೆ. ನಮ್ಮಲ್ಲಿ ಮೊದಲ ಮಳೆಗೆ ಗೆದ್ದಲಿಗೆ ರೆಕ್ಕೆ ಬಂದು ದೀಪಕ್ಕೆ ಮುತ್ತುವ ಹಾಗೆ. ಮೇಫ್ಲೈ ಪಾಡು ಇನ್ನೂ ಪಾಪ. ದೊಡ್ಡದಾದ ಮೇಲೆ ಅದಕ್ಕೆ ತಿನ್ನುವ ಬಾಯಿಯೇ ಇಲ್ಲ. ಒಂದೆರಡು ದಿನ ಹಾರಿ, ಮೊಟ್ಟೆಯಿಟ್ಟು, ಮುಗಿಯಿತು. ಯಾವ ಹುಳ ಯಾವ ದಿನ, ಯಾವ ಹೊತ್ತಿಗೆ ಏಳ್ತದೆ ಅಂತ ತಿಳಿದು ಅದೇ ಬಣ್ಣದ, ಅದೇ ಅಳತೆಯ ನೊಣ ಕಟ್ಟಿ ತೇಲಿಬಿಡಬೇಕು. ಸುಮ್ಮನೆ ಬಿಟ್ಟರೂ ಆಗಲ್ಲ. ದಾರ ಎಳೆದು ನೊಣ ಒಂದು ಬೆರಳಷ್ಟು ಅಡ್ಡ ಸರಿದರೂ ಮೀನಿಗೆ ಅನುಮಾನ. ಹೊಳೆ ಒಯ್ದ ಹಾಗೇ ಅದು ಹೋಗಬೇಕು.

ಆ ಎಲ್ಕ್ ಕೂದಲಿನ ಕ್ಯಾಡಿಸ್ ನೊಣ ಆಲ್ ಟ್ರಾತ್ ಎಂಬವರು ರೂಪಿಸಿದ್ದಂತೆ, 1957ರಲ್ಲಿ, ಪೆನ್ಸಿಲ್ವೇನಿಯಾದಲ್ಲಿ. ಆಮೇಲೆ ಅವರೂ ಮೊಂಟಾನಾಕ್ಕೇ ಬಂದು ನೆಲೆಸಿದರು. ಈ ಸೀಮೆಗೆ ಹಾಗೆ ಬಂದವರೇ ಜಾಸ್ತಿ. ಮೀನುಗಳೂ! ಬ್ರೌನ್ ಟ್ರೌಟ್ 19ನೇ ಶತಮಾನದ ಕೊನೆಯಲ್ಲಿ ಯುರೋಪಿನಿಂದ ಬಂದದ್ದು, ರೇನ್‌ಬೋ ಟ್ರೌಟ್ ಪೆಸಿಫಿಕ್ ಕರಾವಳಿಯದ್ದು. ಮೂಲದಲ್ಲಿ ಆ ಹೊಳೆಯದೇ ಆದ ಕಟ್‌ಥ್ರೋಟ್ ಟ್ರೌಟ್ ಈಗ ಅಪರೂಪ. "ನೀವೂ ಬ್ರೌನ್ ಟ್ರೌಟೇ ಹಾಗಾದ್ರೆ" ಅಂತ ಮಗಳು-ಅಳಿಯರಿಗೆ ನಾನು ಹೇಳಿದ್ದು ಆಮೇಲೆ ಇಡೀ ಬೇಸಿಗೆ ಮನೆಯ ತಮಾಷೆಯಾಯಿತು.

ಆದರೆ ಮ್ಯಾಡಿಸನ್ನಿನ ಅಸಲಿ ಕಥೆ ಬೇರೆ. ನಮ್ಮಲ್ಲಿ ಕೆರೆಗೆ ಮೀನುಮರಿ ಬಿಡುವ ಕಾರ್ಯಕ್ರಮದ ಫೋಟೋ ಪೇಪರಿನಲ್ಲಿ ಬರ್ತದಲ್ಲ, ಅಲ್ಲೂ ಹಾಗೇ ಇತ್ತು. ಸರ್ಕಾರದವರು ಪ್ರತಿ ವರ್ಷ ತೊಟ್ಟಿಯಲ್ಲಿ ಸಾಕಿದ ಟ್ರೌಟನ್ನು ಲಾರಿಯಲ್ಲಿ ತಂದು ಹೊಳೆಗೆ ಸುರೀತಿದ್ದರು. 1960ರ ದಶಕದ ಕೊನೆಯಲ್ಲಿ ಡಿಕ್ ವಿನ್ಸೆಂಟ್ ಎಂಬ ಮೀನು ವಿಜ್ಞಾನಿ ಮ್ಯಾಡಿಸನ್ನಿನಲ್ಲೂ ಪಕ್ಕದ ಓಡೆಲ್ ತೊರೆಯಲ್ಲೂ ಮೀನು ಎಣಿಸೋಕೆ ಶುರು ಮಾಡಿದರು. ಮರಿ ಬಿಡೋದನ್ನು ನಿಲ್ಲಿಸಿದ ಕಡೆ ಹೊಳೆಯಲ್ಲೇ ಹುಟ್ಟಿದ ಮೀನು ಹೆಚ್ಚಾಯಿತು. ಹೊಸದಾಗಿ ತಂದು ಬಿಟ್ಟ ಕಡೆ ಕಡಿಮೆಯಾಯಿತು. ಅಂಗಡಿಯವರು, ಗೈಡುಗಳು, ಮೀನುಮರಿ ಬಿಡೋದೇ ಧರ್ಮ ಅಂತ ನಂಬಿದವರೆಲ್ಲ ಕೂಗಾಡಿದರಂತೆ. ಕೊನೆಗೆ 1974ರಲ್ಲಿ ಇಡೀ ರಾಜ್ಯದಲ್ಲಿ, ಕಾಡುಮೀನು ತಾನೇ ಬದುಕುವ ಹೊಳೆಗಳಿಗೆ ಸಾಕಿದ ಮೀನು ಬಿಡೋದನ್ನು ನಿಲ್ಲಿಸಿಬಿಟ್ಟರು. ಅವತ್ತಿನಿಂದ ಅಲ್ಲಿ ಗಾಳಕ್ಕೆ ಬೀಳುವ ಒಂದೊಂದು ಟ್ರೌಟೂ ಆ ಕಲ್ಲುಗಳ ನಡುವೆಯೇ ಹುಟ್ಟಿದ್ದು. ತಂದು ಸುರಿಯೋಕೆ ಇಲ್ಲ ಅಂದಮೇಲೆ ಇರುವುದನ್ನು ಕಾಯಬೇಕು, ಹಿಡಿದದ್ದನ್ನು ಬಿಡಬೇಕು. ನನ್ನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿ ಸಿಕ್ಕಿತು. ಬಿಡೋದು ಯಾಕೆ ಅಂತ ಗೊತ್ತಾಯಿತು. ಹಿಡಿಯೋದು ಯಾಕೆ ಅನ್ನೋದು ಉಳೀತು.

ಕೊಲ್ಲಲೇಬೇಕಾದ ಮೀನೂ ಒಂದಿದೆ. ಯೆಲ್ಲೋಸ್ಟೋನ್ ಕೆರೆಗೆ ಯಾರೋ ಕಾನೂನು ಮೀರಿ ಲೇಕ್ ಟ್ರೌಟ್ ಎಂಬ ದೊಡ್ಡ ಜಾತಿಯನ್ನು ಬಿಟ್ಟಿದ್ದಾರೆ. 1994ರಲ್ಲಿ ಅದು ಪತ್ತೆಯಾಗುವ ಹೊತ್ತಿಗೆ ಅಲ್ಲಿನ ಮೂಲ ಕಟ್‌ಥ್ರೋಟನ್ನು ತಿನ್ನೋಕೆ ಶುರು ಮಾಡಿತ್ತು. ಕಟ್‌ಥ್ರೋಟ್ ಮೊಟ್ಟೆಯಿಡೋಕೆ ತೊರೆ ಹತ್ತುವ ಮೀನು, ಕರಡಿಗೂ ಹದ್ದಿಗೂ ಅದೇ ಊಟ. ಲೇಕ್ ಟ್ರೌಟ್ ಆಳದಲ್ಲೇ ಇರ್ತದೆ, ಯಾರ ಬಾಯಿಗೂ ಸಿಗಲ್ಲ. ಆದ್ದರಿಂದ ಉದ್ಯಾನದ ನಿಯಮ: ಆ ಕೆರೆಯಲ್ಲಿ ಕಟ್‌ಥ್ರೋಟ್ ಸಿಕ್ಕರೆ ಬಿಡಲೇಬೇಕು, ಲೇಕ್ ಟ್ರೌಟ್ ಸಿಕ್ಕರೆ ಕೊಲ್ಲಲೇಬೇಕು. ಇದು ಗೊತ್ತಾದ ದಿನ ನನಗೆ ಖುಷಿಯೋ ಖುಷಿ. ಅಳಿಯ ಮಾತ್ರ ಕೋಲನ್ನೇ ಬಿಚ್ಚಲಿಲ್ಲ. "ಹಿಡಿದ ಮ್ಯಾಲೆ ಕೊಲ್ಲಲೇಬೇಕಂದ್ರ ನಾ ಒಲ್ಲೆರಿ ಅತ್ತಿ." ಮಗಳು ಮೂರು ತಾಸು ದಂಡೆಯಲ್ಲಿ ನಿಂತು ಎಸೆದಳು, ನಾನು ಮನಸ್ಸಿನಲ್ಲೇ ಮಸಾಲೆ ಅರೆದೆ. ಒಂದೂ ಬೀಳಲಿಲ್ಲ. ಒಂದು ಕಾಡೆಮ್ಮೆ ರಸ್ತೆಗೆ ಅಡ್ಡ ನಿಂತು ಅರ್ಧ ಗಂಟೆ ಕಾಯಿಸಿತು, ಮನೆಗೆ ಬಂದು ತಿಳಿಸಾರು ಊಟ ಮಾಡಿದೆವು.

ಜುಲೈ ಬಂತು. ಆ ವರ್ಷ ಬಿಸಿಲು ಜಾಸ್ತಿ. ಬೆಟ್ಟದ ಹಿಮ ಬೇಗ ಕರಗಿ ಹೊಳೆ ಇಳಿದುಹೋಯಿತು. ಎನ್ನಿಸ್ ಕೆಳಗಿನ ಕೆರೆ ಆಳವಿಲ್ಲದ್ದು, ಬಾಣಲೆಯ ಹಾಗೆ ಕಾಯ್ತದೆ. ಹಾಗಾಗಿ ಅದರಿಂದ ಕೆಳಗಿನ ಹೊಳೆಯಲ್ಲಿ ಮಧ್ಯಾಹ್ನ 2 ಗಂಟೆಯಿಂದ ಮಧ್ಯರಾತ್ರಿವರೆಗೆ ಗಾಳ ನಿಷೇಧ ಬಂತು. ಇದಕ್ಕೆ ಗೂಬೆ ನಿಯಮ ಅಂತ ಹೆಸರು. ಹಿಂದೆ ಬೇಸಿಗೆಯಲ್ಲಿ ಮರ ಕಡಿಯುವವರು ಕಾಡಿಗೆ ಬೆಂಕಿ ಬೀಳಬಾರದು ಅಂತ ಇನ್ನೂ ಗೂಬೆ ಕೂಗುವ ನಸುಕಿನಲ್ಲೇ ಕೆಲಸ ಶುರು ಮಾಡ್ತಿದ್ದರಂತೆ, ಆ ಹೆಸರು ಇಲ್ಲಿಗೆ ಬಂದಿದೆ. ಮೂರು ದಿನ ಬೆನ್ನುಬೆನ್ನಿಗೆ ನೀರು 73 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ನಿಷೇಧ ಹಾಕಬಹುದು. ನಮ್ಮ ಲೆಕ್ಕದಲ್ಲಿ 23 ಡಿಗ್ರಿಗೂ ಒಂದಿಷ್ಟು ಕಡಿಮೆ. ನನಗೆ ಮೈ ನಡುಗುವ ಚಳಿ ನೀರು, ಟ್ರೌಟಿಗೆ ಜ್ವರ. ನೀರು ಬೆಚ್ಚಗಾದಷ್ಟೂ ಅದರಲ್ಲಿ ಉಸಿರಾಟದ ಗಾಳಿ ಕಡಿಮೆ. ಗಾಳದಲ್ಲಿ ಜಗ್ಗಾಡಿ ದಣಿದ ಮೀನು ಬಿಟ್ಟಮೇಲೂ ಉಳಿಯೋದು ಕಷ್ಟ.

ನಾವು ಹೋಗಿದ್ದು ಮೇಲ್ಭಾಗಕ್ಕೆ, ಲಯನ್ಸ್ ಸೇತುವೆಗಿಂತಲೂ ಮೇಲೆ. ಅಲ್ಲಿ ನಿಷೇಧ ಇರಲಿಲ್ಲ. ದೋಣಿಯಿಂದ ಗಾಳ ಹಾಕುವ ಹಾಗಿಲ್ಲ, ನೀರಿಗಿಳಿದು ನಿಂತೇ ಹಾಕಬೇಕು, ಟ್ರೌಟ್ ಹಿಡಿದರೆ ಬಿಡಬೇಕು. ಹನ್ನೊಂದೂವರೆ ಹೊತ್ತಿಗೆ ಅಳಿಯನ ಕೋಲು ಬಿಲ್ಲಾಯಿತು. ದೊಡ್ಡ ಬ್ರೌನ್ ಟ್ರೌಟ್. ಬಂಡೆಯ ಹಿಂದಿನಿಂದ ಹೊರಟದ್ದು ಇಳಿಜಾರಿಗೆ ಓಡಿತು, ದಾರ ಸಣ್ಣದು, ಜೋರಾಗಿ ಎಳೆದರೆ ಕಡೀತದೆ. ಇವರು ಕಲ್ಲಿನ ಮೇಲೆ ಜಾರ್ತಾ ಅದರ ಹಿಂದೆ. ಹತ್ತು ನಿಮಿಷವಾದರೂ ಆಗಿರಬೇಕು ಬಲೆಗೆ ಬರೋಕೆ. ಕೊಕ್ಕೆಗೆ ಹಿಂಮುಳ್ಳಿಲ್ಲ, ಇಕ್ಕಳದಲ್ಲಿ ಮೊದಲೇ ಅದುಮಿ ಇಟ್ಟಿರ್ತಾರೆ. ನೀರಿನಿಂದ ಮೇಲೆತ್ತದೆ ತುಟಿಯಿಂದ ಬಿಡಿಸಿದರು. ಫೋಟೋ ಕೂಡ ತೆಗೆಯಲಿಲ್ಲ. ಬೆಣ್ಣೆ ಬಣ್ಣದ ಹೊಟ್ಟೆ, ಮೈಮೇಲೆ ಕಪ್ಪು ಚುಕ್ಕಿ, ನಡುವೆ ಕುಂಕುಮವಿಟ್ಟ ಹಾಗೆ ಕೆಂಪು ಚುಕ್ಕಿ. ಹರಿವಿಗೆ ಮುಖ ಮಾಡಿ ಎರಡೂ ಕೈಯಲ್ಲಿ ಹಿಡಿದುಕೊಂಡರು. ಹಾಗೆ ಹಿಡಿದರೆ ಕಿವಿರಿಗೆ ನೀರು ಹೋಗಿ ಚೇತರಿಸಿಕೊಳ್ತದೆ, ಬಾಲ ಬಡಿದು ಹೊರಟುಹೋಗ್ತದೆ. ಇದು ಹೊರಡಲಿಲ್ಲ. ಕೈ ಸಡಿಲಿಸಿದರೆ ಪಕ್ಕಕ್ಕೆ ವಾಲ್ತದೆ. ಮತ್ತೆ ಹಿಡಿದರು. ಕಾಲು ಗಂಟೆ ಬಗ್ಗಿಕೊಂಡೇ ನಿಂತರು, ಮಾತಿಲ್ಲ. ಮಗಳು ಜೇಬಿನಿಂದ ಥರ್ಮಾಮೀಟರ್ ತೆಗೆದು ನೀರಿಗೆ ಹಾಕಿದಳು. 68.

ಕೊನೆಗೆ ಅದು ಹೊಟ್ಟೆ ಮೇಲಾಗಿ ತೇಲಿತು. ಕೆಳಗೆ ಬಂಡೆಯ ಸುಳಿಯಲ್ಲಿ ಎರಡು ಸುತ್ತು ತಿರುಗಿ, ಹರಿವಿಗೆ ಸಿಕ್ಕಿ ಹೋಯಿತು.

ನನಗೆ ತಡೆಯಲಾಗಲಿಲ್ಲ. "ನಮ್ಮಪ್ಪ ಹಿಡಿದ ಮೀನು ಎಂಟು ಜನಕ್ಕೆ ಊಟ. ಇದು ಯಾರಿಗೆ?" ಅಂದೆ. ಅಳಿಯನ ಮುಖ ಸಣ್ಣದಾಯಿತು. ಮಗಳು ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟೂ ಇತ್ತು. ಕಾರಿನಲ್ಲಿ ಒಂದು ಗಂಟೆ ಯಾರೂ ಮಾತಾಡಲಿಲ್ಲ. ಅವತ್ತು ರಾತ್ರಿ ಊಟವಾದ ಮೇಲೆ ಅವರೇ ಬಂದು ಕೂತು ಹೇಳಿದರು: "ಎಲ್ಲಾ ಮೀನೂ ಬದುಕ್ತಾವ ಅಂತ ನಾ ಎಂದೂ ಹೇಳಿಲ್ಲರಿ ಅತ್ತಿ. ಕಾನೂನು 2 ಗಂಟೆ ಅಂದ್ರೂ, ಇಂಥಾ ದಿನ ನಾ 10ಕ್ಕೇ ಬಿಡ್ತೀನಿ ಇನ್ನ." ಆಮೇಲೆ ತುಸು ಹೊತ್ತು ಬಿಟ್ಟು, "ಆದ್ರ ಹೊಳಿಗೆ ಹೋಗೂದು ಬಿಡಂಗಿಲ್ಲರಿ" ಅಂದರು.

ಮಗಳು ವಾದಕ್ಕೇ ಇಳಿದಳು. ಅಲ್ಲಿ ಗಾಳ, ರೀಲು, ದಾರ ಮಾರುವಾಗ ಒಂದು ತೆರಿಗೆ ಇದೆ. 1950ರ ಕಾನೂನಿನ ಪ್ರಕಾರ ಆ ದುಡ್ಡು ರಾಜ್ಯಗಳ ಮೀನು ಇಲಾಖೆಗೇ ಹೋಗ್ತದೆ. ಪರವಾನಗಿ ದುಡ್ಡೂ ಹಾಗೇ. ಮೀನು ಎಣಿಸೋದು, ದಂಡೆ ಕಾಯೋದು, 1994ರಲ್ಲಿ ಮ್ಯಾಡಿಸನ್ನಿಗೆ ಮೀನು ಸುತ್ತಿ ಸುತ್ತಿ ಸಾಯುವ ರೋಗ ಬಂದಾಗ ಅದರ ಬೆನ್ನು ಹತ್ತಿದ್ದು, ಇದೆಲ್ಲಕ್ಕೂ ಇಂಥ ದುಡ್ಡು ಬೇಕು. ಇನ್ನೊಂದು ಮಾತು ಹೇಳಿದಳು. 2021ರ ನವೆಂಬರ್ ಕೊನೆಯ ದಿನ ಮೇಲಿನ ಹೆಬ್ಗನ್ ಅಣೆಕಟ್ಟಿನ ಗೇಟಿನ ಭಾಗವೊಂದು ಮುರಿದು ಹೊಳೆ ಇದ್ದಕ್ಕಿದ್ದಂತೆ ಇಳಿದುಬಿಟ್ಟಿತು. ಬ್ರೌನ್ ಟ್ರೌಟ್ ಜಲ್ಲಿಯಲ್ಲಿ ಮೊಟ್ಟೆಯಿಡುವ ಕಾಲ ಅದು. ಮೀನುಗಳು ಗುಂಡಿಗಳಲ್ಲಿ ಸಿಕ್ಕಿಕೊಂಡವು. ಸುದ್ದಿ ಹಬ್ಬಿದ್ದೇ ತಡ, ಜನ ಬಕೆಟ್ ಹಿಡಿದು ಬಂದು, ಚಳಿಯಲ್ಲಿ, ಸಿಕ್ಕಿಬಿದ್ದ ಮೀನುಗಳನ್ನು ಹೊತ್ತು ಆಳದ ನೀರಿಗೆ ಬಿಟ್ಟರು. "ಯಾರು ಬಂದಿದ್ರು ಗೊತ್ತಾ ಅಮ್ಮ? ಗಾಳ ಹಾಕೋರೇ. ಉಳಿದವರಿಗೆ ಹೊಳೇಲಿ ಮೀನಿದೆ ಅಂತಾನೇ ಗೊತ್ತಿರಲ್ಲ."

ಅದಕ್ಕೆ ನಾನು, ನಮ್ಮಲ್ಲಿ ಕೊಕ್ಕೆ ಚುಚ್ಚದೆಯೂ ಕಾಯ್ತಾರಲ್ಲ ಅಂದೆ. ಶೃಂಗೇರಿಯಲ್ಲಿ, ನಮ್ಮ ತೀರ್ಥಹಳ್ಳಿ ಹತ್ತಿರದ ಚಿಬ್ಬಲಗುಡ್ಡೆಯಲ್ಲಿ ದೇವರ ಮೀನು ಅಂತ ಯಾರೂ ಮುಟ್ಟಲ್ಲ. ಮೆಟ್ಟಿಲಲ್ಲಿ ಕೂತು ಮಂಡಕ್ಕಿ ಎಸೆದರೆ ತೋಳುದ್ದದ ಮೀನು ಒಂದರ ಮೇಲೊಂದು ಬೀಳ್ತವೆ. ಹೇಳ್ತಾ ಹೇಳ್ತಾ ನನಗೇ ಇನ್ನೊಂದು ನೆನಪಾಗಿ ಮಾತು ತಗ್ಗಿತು. ನಾನು ಚಿಕ್ಕವಳಿದ್ದಾಗ ನಮ್ಮೂರ ಹಳ್ಳದ ಮಡುವಿಗೆ ಯಾರೋ ತೋಟೆ ಹಾಕಿದರು. ಢಂ ಅಂದಿದ್ದು ಮನೆಗೇ ಕೇಳಿಸಿತು. ಬುಟ್ಟಿಗಟ್ಟಲೆ ಬಾಚಿದರು, ತಿನ್ನಲಾರದ ಸಣ್ಣ ಮರಿಗಳು ಬೆಳ್ಳಗೆ ತರಗೆಲೆಯ ಹಾಗೆ ತೇಲ್ತಾ ಇದ್ದವು. ಆಮೇಲೆ ಎಷ್ಟೋ ವರ್ಷ ಅಪ್ಪ ಆ ಮಡುವಿಗೆ ಗಾಳ ಹಾಕಿ ಬರಿಗೈಯಲ್ಲಿ ಬರ್ತಿದ್ದರು. ದೇವಸ್ಥಾನದ ಗಡಿ ದಾಟಿದರೆ ಮೀನಿಗೆ ದೇವರೂ ಇಲ್ಲ. ಗಡಿಯೊಳಗೂ ಒಮ್ಮೊಮ್ಮೆ ಇಲ್ಲ. ಬೆಳ್ತಂಗಡಿಯ ಶಿಶಿಲದಲ್ಲಿ 1996ರಲ್ಲಿ ದೇವರ ಮೀನುಗಳಿಗೇ ವಿಷ ಹಾಕಿದ್ದರು. ಸತ್ತ ಮೀನುಗಳಿಗೆ ಅಲ್ಲೊಂದು ಸ್ಮಾರಕ ಕಟ್ಟಿದ್ದಾರೆ.

ಆ ರಾತ್ರಿ ವಾದದಲ್ಲಿ ಯಾರೂ ಗೆಲ್ಲಲಿಲ್ಲ. ಆಗಸ್ಟಿನಲ್ಲಿ ಅಳಿಯ ಕೋಲು ಮುಟ್ಟಲೇ ಇಲ್ಲ. ಆದರೂ ಎರಡು ಭಾನುವಾರ ನನ್ನನ್ನು ಹೊಳೆಗೆ ಕರೆದುಕೊಂಡು ಹೋಗಿ, ಕಲ್ಲಿನ ಮೇಲೆ ಕೂರಿಸಿ, ಥರ್ಮಾಮೀಟರ್ ಅದ್ದಿ ಒಂದು ಪುಸ್ತಕದಲ್ಲಿ ಬರೆದುಕೊಂಡು ಬಂದರು.

ಅಲ್ಲಿ ನನಗೆ ಬಹಳ ಇಷ್ಟವಾದ ಒಂದು ಸಂಗತಿ ಹೇಳಬೇಕು. ಹೊಳೆಯ ಎರಡೂ ಕಡೆ ಸಾವಿರಾರು ಎಕರೆಯ ದನದ ಫಾರ್ಮುಗಳು, ದುಡ್ಡಿದ್ದವರ ಬಂಗಲೆಗಳು. ಆದರೂ ನೀರಿಗೆ ಬೇಲಿ ಇಲ್ಲ. ಮೊಂಟಾನಾದಲ್ಲಿ 1985ರಿಂದ ಒಂದು ಕಾನೂನು ಇದೆ. ಸೇತುವೆಯ ಹತ್ತಿರವೋ ಸರ್ಕಾರಿ ಜಾಗದಲ್ಲೋ ಹೊಳೆಗಿಳಿದರೆ, ತುಂಬಿದ ನೀರು ಮುಟ್ಟುವ ಗುರುತಿನ ಒಳಗೆ ಎಷ್ಟು ದೂರ ಬೇಕಾದರೂ ನಡೀಬಹುದು, ಪಕ್ಕದ ಜಮೀನು ಯಾರದ್ದೇ ಇರಲಿ. ನಮ್ಮಲ್ಲಿ ಹೊಳೆದಂಡೆಗೆ ಹೋಂಸ್ಟೇ ಗೇಟು ಬಿದ್ದು, ಬಟ್ಟೆ ಒಗೆಯೋಕೆ ಹೋಗ್ತಿದ್ದ ದಾರಿಯೇ ಮುಚ್ಚಿದ್ದನ್ನು ಕಂಡವಳು ನಾನು. ಅದಕ್ಕೇ ಆ ಕಾನೂನಿನ ಬಗ್ಗೆ ಎರಡೆರಡು ಸಲ ಕೇಳಿ ತಿಳಿದುಕೊಂಡೆ.

ಸೆಪ್ಟೆಂಬರಿನಲ್ಲಿ ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಗಟ್ಟಿಯಾಗತೊಡಗಿತು, ದಂಡೆಯ ಕಾಟನ್‌ವುಡ್ ಮರಗಳು ಅರಿಶಿನ ಹಚ್ಚಿಕೊಂಡವು, ಹೊಳೆ ತಣ್ಣಗಾಯಿತು. ನನ್ನ ಹೆಸರಿನಲ್ಲೂ ದಿನದ ಲೆಕ್ಕದ ಪರವಾನಗಿ ಮಾಡಿಸಿದರು. ಹೊರಗಿನವರಿಗೆ ದರ ಜಾಸ್ತಿ. ಎಷ್ಟು ರೂಪಾಯಿ ಅಂತ ಲೆಕ್ಕ ಹಾಕಬೇಡ ಅಂತ ಮಗಳು ಮೊದಲೇ ಹೇಳಿದ್ದಳು, ಹಾಕಿದೆ, ಬೇಡವಾಗಿತ್ತು ಅನ್ನಿಸಿತು. ಮಗಳ ವೇಡರ್ಸ್ ತೊಟ್ಟು, ಸೊಂಟಕ್ಕೆ ಬೆಲ್ಟ್ ಬಿಗಿದು (ಬಿದ್ದರೆ ಒಳಗೆ ನೀರು ನುಗ್ಗದಿರಲಿ ಅಂತ), ಊರುಗೋಲು ಹಿಡಿದು, ಅರವತ್ತಮೂರನೇ ವಯಸ್ಸಿನಲ್ಲಿ ಮ್ಯಾಡಿಸನ್ನಿಗೆ ಇಳಿದೆ. ನೀರು ಕಾಲನ್ನು ಒತ್ತುವ ರೀತಿ ಇದೆಯಲ್ಲ, ಚಿಕ್ಕ ಮಗು ಸೀರೆ ಹಿಡಿದು ಒಂದೇ ಸಮ ಎಳೆದ ಹಾಗೆ. ಒಂದು ಕಡೆ ಮಗಳು, ಇನ್ನೊಂದು ಕಡೆ ಅಳಿಯ. ಸೀರೆ ಝಾಡಿಸಿದೆ, ಕಾದೆ, ಎಸೆದೆ. ನವಿಲುಗರಿಯ ಹುಳ ನೀರಿನೊಳಗೆ ಹೋಯಿತು. ಹತ್ತು ಸಲ ಏನೂ ಇಲ್ಲ. ಆಮೇಲೆ ಲೆಕ್ಕ ಬಿಟ್ಟೆ. ಮಂಡಿನೋವು ಮರೆತುಹೋಗಿತ್ತು. ಎದುರು ದಡದ ಬಂಡೆಯ ಹಿಂದೆ ನೀರು ನುಣ್ಣಗಾಗುವ ಜಾಗ ಬಿಟ್ಟರೆ ಬೇರೇನೂ ಕಾಣ್ತಿರಲಿಲ್ಲ. ಎಷ್ಟು ಹೊತ್ತೋ.

ದಾರ ನಿಂತಿತು. ಕೈಗೆ ಜೀವ ತಾಗಿತು.

ಬಲೆಗೆ ಬಂದಾಗ ನೋಡಿದರೆ ಬೆಳ್ಳಿ ಮೈ, ಪುಟ್ಟ ಬಾಯಿ, ಒಂದಡಿಗಿಂತ ತುಸು ಉದ್ದ. ಚುಕ್ಕಿ ಇಲ್ಲ. ಇಬ್ಬರೂ ನಗೋಕೆ ಶುರು ಮಾಡಿದರು. ವೈಟ್‌ಫಿಶ್ ಅಂತೆ. ಟ್ರೌಟ್ ಹುಚ್ಚಿನವರು ಇದು ಬಿದ್ದರೆ ಮೂಗು ಮುರೀತಾರೆ. ಆದರೆ ಇದೇ ಅಲ್ಲಿನ ಮೂಲನಿವಾಸಿ. ಬ್ರೌನೂ ರೇನ್‌ಬೋವೂ ಬರುವ ಮೊದಲೂ ಆ ನೀರಿನಲ್ಲಿ ಇದ್ದದ್ದು.

"ಇದನ್ನ ಇಟ್ಕೋಬಹುದರಿ ಅತ್ತಿ. ಬಿಡೂ ನಿಯಮ ಟ್ರೌಟಿಗೆ ಅಷ್ಟ. ನಿಮ್ಮ ಮೀನು, ನೀವ ಹೇಳ್ರಿ."

ಬಲೆಯಲ್ಲಿ ಅದು ಕಿವಿರು ತೆರೆದು ಮುಚ್ಚಿ ಮಾಡ್ತಿತ್ತು. ಇಬ್ಬರೂ ನನ್ನನ್ನೇ ನೋಡ್ತಿದ್ದರು.

"ಇಟ್ಕೊಳ್ತೀನಿ" ಅಂದೆ.

ದಡಕ್ಕೆ ಬಂದು, ಅಪ್ಪ ಮಾಡ್ತಿದ್ದ ಹಾಗೆ ಒಂದೇ ಏಟಿಗೆ ಮುಗಿಸಿದೆ. ಅಳಿಯ ಆ ಕಡೆ ತಿರುಗಿ ದಾರ ಸುತ್ತಿಕೊಂಡರು. ಸಂಜೆ ಮನೆಯಲ್ಲಿ ಅರಿಶಿನ, ಉಪ್ಪು, ಊರಿಂದ ತಂದ ಮೆಣಸಿನ ಪುಡಿ, ಹುಣಸೆ ಹಚ್ಚಿ, ರವೆಯಲ್ಲಿ ಹೊರಳಿಸಿ ಕಾವಲಿ ಮೇಲೆ ಹುರಿದೆ. ನಾನೂ ಮಗಳೂ ತಿಂದೆವು. ಮುಳ್ಳು ಜಾಸ್ತಿ, ರುಚಿ ಚೆನ್ನಾಗಿತ್ತು. ಅಳಿಯ ಎದುರಿಗೇ ಕೂತು ಮೊಸರನ್ನ ಕಲಸಿಕೊಂಡು, ಯಾವ ಬಂಡೆಯ ಹಿಂದೆ ಬಿತ್ತು, ದಾರ ಎಷ್ಟು ಬಿಟ್ಟಿದ್ದಿರಿ ಅಂತ ಒಂದೊಂದೇ ಕೇಳಿ, ನೀರಿನ ಡಿಗ್ರಿ ಬರೆಯುವ ಪುಸ್ತಕದಲ್ಲಿ ನನ್ನ ಮೀನನ್ನೂ ಬರೆದರು.